ಹೆಂಗಸರ ಕಫದ ಖೋಲಿ

ಸ್ಫೂರ್ತಿ, ವಿಕಾಸ,

ಇದನ್ನು ನಿಮ್ಮೆದುರು ಕುಳಿತು ಹೇಳಲು ನನ್ನಿಂದ ಆಗುವುದಿಲ್ಲ. ನಾಲ್ಕು ಜನರ ನಡುವೆ ಮಾತು ತೆಗೆಯಲು ನನಗೆ ಬರುವುದಿಲ್ಲ, ಚಿಕ್ಕಂದಿನಿಂದಲೂ ಹಾಗೇ. ಕದರಮಂಡಲಗಿಯ ಶಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ಎದ್ದು ಹೇಳದೆ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ನಿಮ್ಮ ಅಜ್ಜ ಇದ್ದಾಗ ನನ್ನ ಪರವಾಗಿ ಅವರೇ ಮಾತಾಡುತ್ತಿದ್ದರು. ಅವರು ಹೋದ ಮೇಲೆ ನನ್ನ ಧ್ವನಿ ಇನ್ನೂ ಸಣ್ಣದಾಗಿದೆ ಎಂದು ನೀವೇ ನಗುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ ದಿನ ಸ್ಫೂರ್ತಿ ಬಿಳಿ ಕೋಟು ತೊಟ್ಟುಕೊಂಡು ಬಂದು ನನ್ನ ಮುಂದೆ ನಿಂತಳು. "ಆಯಿ, ನೀನೂ ಹಿಂಗ ಕೋಟ್ ಹಾಕ್ಕೊಂತಿದ್ದಿ?" ಎಂದಳು. ಹೂಂ ಎಂದೆ. ಅದು ಸುಳ್ಳು ಮಗಳೇ. ನನ್ನ ಕೋಟು ಬಾಗಿಲ ಹಿಂದಿನ ಗೂಟದಲ್ಲಿ ತೂಗುತ್ತಿತ್ತು. ಸೀರೆಯ ಮೇಲೆ ಗಂಡಸರ ಅಂಗಿ ಹಾಕಿದಂತೆ ಕಾಣುತ್ತದೆಂದು ನಾಚಿಕೆ. ಮೇಲಿನವರು ತಪಾಸಣೆಗೆ ಬರುವ ದಿನ ಮಾತ್ರ ತೊಡುತ್ತಿದ್ದೆ. ಅದು ಸಣ್ಣ ಸುಳ್ಳು. ಇದಕ್ಕಿಂತ ದೊಡ್ಡದೊಂದು ನನ್ನ ಹತ್ತಿರ ಬಹಳ ವರ್ಷದಿಂದ ಇದೆ. ನಮ್ಮ ಲ್ಯಾಬಿನಲ್ಲಿ ಗಂಗವ್ವ ಎಂಬ ಆಯಾ ಇದ್ದಳು. ಅವಳ ಸಾವಿನಲ್ಲಿ ನನ್ನ ಪಾಲಿದೆ. ಅದನ್ನು ಮನೆಯವರು ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದಲ್ಲಿ, ಬ್ಯಾಡಗಿಯ ಒಂದು ದವಾಖಾನೆಯಲ್ಲಿ. ನಾಲ್ಕಾರು ವರ್ತಕರು ಸೇರಿ ನಡೆಸುತ್ತಿದ್ದರು. ಮುಖ್ಯ ದವಾಖಾನೆ ಹಾವೇರಿಯಲ್ಲಿ, ಇನ್ನೊಂದು ರಾಣೆಬೆನ್ನೂರಿನಲ್ಲಿ, ಎಲ್ಲಕ್ಕಿಂತ ಚಿಕ್ಕದು ನಮ್ಮದು. ಮೂರೂ ಮುಚ್ಚಿ ಎಷ್ಟೋ ಕಾಲವಾಯಿತು. ಮೆಟ್ರಿಕ್ ಪಾಸಾಗಿ ಹುಬ್ಬಳ್ಳಿಯಲ್ಲಿ ಒಂದು ವರ್ಷದ ತರಬೇತಿ ಮುಗಿಸಿದ್ದೆ. ನಿಮ್ಮ ಅಜ್ಜ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅಂಗಡಿಯ ಧಣಿಗೆ ಅವರೇ ಹೇಳಿ ನನ್ನನ್ನು ಸೇರಿಸಿದರು.

ಲ್ಯಾಬ್ ಎಂದರೆ ಎರಡು ಖೋಲಿ. ಮುಂದಿನದರಲ್ಲಿ ಕಿಟಕಿಗೆ ಹತ್ತಿ ಒಂದು ಮೇಜು, ಕನ್ನಡಿಯ ಬೆಳಕಿನಲ್ಲಿ ನೋಡುವ ಹಳೆಯ ಮೈಕ್ರೋಸ್ಕೋಪು, ಒಂದು ಸ್ಪಿರಿಟ್ ದೀಪ. ಹಿಂದಿನದು ಸಾಮಾನಿನ ಖೋಲಿ. ರಕ್ತವನ್ನು ಗಾಜಿನ ಪಿಪೆಟ್ಟಿಗೆ ಬಾಯಿಂದಲೇ ಎಳೆಯುತ್ತಿದ್ದೆವು. ಲಕ್ಷ್ಯ ಸ್ವಲ್ಪ ಅತ್ತಿತ್ತ ಆದರೆ ಪರರ ರಕ್ತ ನಾಲಿಗೆಗೆ ಬಂದು ತಾಗುತ್ತಿತ್ತು. ಉಗುಳಿ, ಬಾಯಿ ಮುಕ್ಕಳಿಸಿ, ಮತ್ತೆ ಎಳೆಯುವುದು. ತರಬೇತಿಯಲ್ಲಿ ಕಲಿಸಿದವರು ಅದನ್ನು ಕೈಚಳಕವೆಂದೇ ಕಲಿಸಿದ್ದರು. ಎರಡನೆಯ ವರ್ಷ ನನಗೆ ಕಾಮಣಿ ಆಯಿತು, ಕಣ್ಣು ಅರಿಶಿನದಂತಾದವು. ನಾಟಿ ಔಷಧಿ ಕುಡಿದು, ಪಥ್ಯ ಮಾಡಿ ಎದ್ದೆ. ಅದು ಪಿಪೆಟ್ಟಿನಿಂದ ಬಂತೋ, ನೀರಿನಿಂದ ಬಂತೋ ಯಾರೂ ವಿಚಾರ ಮಾಡಲಿಲ್ಲ. ಎದ್ದು ಬಂದ ದಿನವೇ ಮತ್ತೆ ಬಾಯಿಂದ ಎಳೆದೆ.

ಕೆಲವು ರಕ್ತದ ಪರೀಕ್ಷೆ ನಮ್ಮಲ್ಲಿ ಆಗುತ್ತಿರಲಿಲ್ಲ, ಹಾವೇರಿಗೆ ಒಯ್ಯಬೇಕಿತ್ತು. ಸ್ಟೀಲಿನ ಊಟದ ಡಬ್ಬಿಯಲ್ಲಿ ಅರಳೆ ಹಾಸಿ, ಬಾಟಲಿ ನಿಲ್ಲಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆ. ಒಂದು ದಿನ ಬಸ್ಸು ತುಂಬಿತ್ತು. ಕಂಡಕ್ಟರು, "ಯಾಕ್ರೀ ಅಕ್ಕಾರ, ಡಬ್ಬಿ ಹಂಗ ಎದಿಗವಚಿಕೊಂಡು ನಿಂತೀರಿ? ಇಲ್ಲೆ ಕೊಡ್ರಿ, ಮುಂದ ಇಡತೇನಿ" ಎಂದು ಇಸಿದುಕೊಂಡು ಡ್ರೈವರನ ಪಕ್ಕದಲ್ಲಿಟ್ಟ. ಹಾವೇರಿಯಲ್ಲಿ ಇಳಿಯುವಾಗ ಕೊಟ್ಟ. ಲ್ಯಾಬಿನಲ್ಲಿ ತೆರೆದರೆ ಒಳಗೆ ಎರಡು ರೊಟ್ಟಿ, ಪುಂಡಿಪಲ್ಯ. ನಮ್ಮ ರಕ್ತ ಹುಬ್ಬಳ್ಳಿಯ ದಾರಿ ಹಿಡಿದಿತ್ತು! ಮರುದಿನ ಅದೇ ಕಂಡಕ್ಟರು ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ತಂದು, "ನಾ ಇಡೀ ದಿನ ಉಪಾಸ ಇದ್ದೆರಿ ಅಕ್ಕಾರ. ನಿಮ್ಮ ಮನ್ಯಾಗ ಇದನ್ನ ಉಣ್ಣತೀರಿ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ಸೆರಗಿನೊಳಗೆ ನಕ್ಕೆ. ಒಂದು ಬಾಟಲಿ ಒಡೆದು ಅವನ ಕೈಗೆ ತಾಗಿದ್ದರೆ ಏನಾಗುತ್ತಿತ್ತು ಎಂದು ಆ ಹೊತ್ತಿಗೆ ತೋಚಲಿಲ್ಲ. ನಾವು ಇದ್ದದ್ದೇ ಹಾಗೆ. ನಗುವುದರಲ್ಲಿ ಕಳೆದೆವು.

ಮನೆಯಲ್ಲಿ ಮಾತ್ರ ಒಂದು ಕಟ್ಟುನಿಟ್ಟಿತ್ತು. ನಮ್ಮ ಅತ್ತೆ ಹಿತ್ತಲ ಬಾಗಿಲಲ್ಲೇ ನನ್ನನ್ನು ತಡೆಯುತ್ತಿದ್ದರು. "ದವಾಖಾನಿ ಸೀರಿ ಅಲ್ಲೇ ಕಳದು, ಕೈಕಾಲು ತೊಳಕೊಂಡು ಒಳಗ ಬಾ. ಕೂಸಿನ್ನ ಆಮ್ಯಾಲೆ ಎತ್ತಿಕೊಳ್ಳೀಯಂತ." ಆಗ ಸಿಟ್ಟು ಬರುತ್ತಿತ್ತು, ಈಗ ಅವರಿಗೆ ಕೈ ಮುಗಿಯುತ್ತೇನೆ. ಆದರೆ ಸ್ಫೂರ್ತಿ, ಇದು ನಿನಗೆ ನೆನಪಿರಲಿ: ಕ್ಷಯ ಸೀರೆಗೆ ಅಂಟಿಕೊಂಡು ಬರುವ ರೋಗವಲ್ಲ, ಗಾಳಿಯಲ್ಲಿ ಬರುವುದು. ಅದಕ್ಕೆ ಸೀರೆ ಕಳೆದರೆ ಸಾಲದು, ಕಿಟಕಿ ತೆರೆಯಬೇಕು. ಇದು ನನಗೆ ಓದಿ ಗೊತ್ತಿತ್ತು. ಗೊತ್ತಿದ್ದೂ ನಾನೇ ಕಿಟಕಿ ಮುಚ್ಚಿಸಿದೆ.

ನಮ್ಮ ಲ್ಯಾಬಿಗೆ ಬರುತ್ತಿದ್ದುದರಲ್ಲಿ ಹೆಚ್ಚಿನದು ಕಫ. ಬ್ಯಾಡಗಿಯ ಪೇಟೆಯಲ್ಲಿ ಕೆಮ್ಮದವರು ಯಾರು? ಚೀಲ ಹೊರುವ ಹಮಾಲರು, ನೆಲದ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಎಲ್ಲರೂ ಸುಗ್ಗಿ ಮುಗಿಯುವವರೆಗೆ ಕೆಮ್ಮುತ್ತಲೇ ಇರುತ್ತಿದ್ದರು. ಅದರಲ್ಲಿ ಘಾಟಿನ ಕೆಮ್ಮು ಯಾವುದು, ಕ್ಷಯದ ಕೆಮ್ಮು ಯಾವುದು ಎಂದು ಬೇರೆ ಮಾಡುವುದೇ ನಮ್ಮ ಕೆಲಸ. ಕಫವನ್ನು ಕಸಬರಿಗೆಯ ಕಡ್ಡಿಯಿಂದ ಗಾಜಿನ ಪಟ್ಟಿಯ ಮೇಲೆ ಸವರಿ, ಒಣಗಿಸಿ, ಕೆಂಪು ಬಣ್ಣ ಹಾಕಿ ಹಬೆ ಏಳುವವರೆಗೆ ಕಾಯಿಸಿ, ಆಸಿಡ್ಡಿನಲ್ಲಿ ತೊಳೆದು, ನೀಲಿ ಬಣ್ಣ ಹಾಕಬೇಕು. ರೋಗವಿದ್ದರೆ ನೀಲಿಯ ನಡುವೆ ಕೆಂಪು ದಾರದ ಚೂರುಗಳು ಕಾಣುತ್ತವೆ.

ಹಾವೇರಿಯಿಂದ ತಪಾಸಣೆಗೆ ಬರುತ್ತಿದ್ದವರು ಕುಲಕರ್ಣಿ ಸರ್, ಮೂರೂ ಲ್ಯಾಬುಗಳ ಹಿರಿಯರು. ಕೆಲಸಕ್ಕೆ ಸೇರಿದ ವಾರವೇ ಅವರು ನನ್ನನ್ನು ದವಾಖಾನೆಯ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ ಹೇಳಿದ್ದರು: "ಕಫ ತಗಸೂದು ಇಲ್ಲೆ, ಬಿಸಲಾಗ. ನೀವು ಗಾಳಿಗೆ ಬೆನ್ನು ಕೊಟ್ಟು ನಿಂದರಬೇಕು, ಪೇಷಂಟ ನಿಮ್ಮ ಮುಂದ. ಇದೊಂದು ಮರೀಬ್ಯಾಡ್ರಿ ನೀಲಮ್ಮನವರ."

ಗಂಡಸರಿಗೆ ಇದು ಸರಿಯಾಗಿತ್ತು. ಬಯಲಿನಲ್ಲಿ ನಿಂತು ಊರಿಗೆ ಕೇಳುವಂತೆ ಕ್ಯಾಕರಿಸಿ ಬಾಟಲಿ ತುಂಬಿಸಿ ಕೊಡುತ್ತಿದ್ದರು. ಆದರೆ ಆ ಬಯಲಿಗೆ ಹತ್ತಿಕೊಂಡು ಚಕ್ಕಡಿಗಳ ಅಡ್ಡೆ ಇತ್ತು. ಹಮಾಲರು ಬೀಡಿ ಸೇದುತ್ತಾ ಕುಳಿತಿರುತ್ತಿದ್ದರು. ಅವರ ಮುಂದೆ ಹೆಣ್ಣುಮಕ್ಕಳು ಕ್ಯಾಕರಿಸುವುದುಂಟೇ? ಗೋಡೆಗೆ ಮುಖ ಮಾಡಿ, ಸೆರಗು ಮುಚ್ಚಿಕೊಂಡು, ಬಾಯೊಳಗಿನ ಉಗುಳನ್ನು ಬಾಟಲಿಗೆ ಹಾಕಿ ಓಡಿಹೋಗುತ್ತಿದ್ದರು. ಉಗುಳಿನಲ್ಲಿ ಏನು ಕಾಣುತ್ತದೆ? ರೋಗವಿಲ್ಲ ಎಂದು ಬರೆದು ಕೊಡುತ್ತಿದ್ದೆ.

ಮೋಟೆಬೆನ್ನೂರಿನ ಕಡೆಯ ಒಬ್ಬಳು ಹೊಸ ಸೊಸೆ ಮೂರು ಸಲ ಹೀಗೆ ಉಗುಳು ಕೊಟ್ಟು ಹೋದಳು. ಮೂರು ಸಲವೂ ನಾನು ರೋಗವಿಲ್ಲ ಎಂದು ಬರೆದೆ. ನಾಲ್ಕನೆಯ ಸಲ ಅವಳನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಬಂದಿದ್ದರು, ಸೆರಗೆಲ್ಲ ರಕ್ತ. ಉಳಿಯಲಿಲ್ಲ. ಅವಳ ಅತ್ತೆ ನನ್ನ ಮೇಜಿನ ಮುಂದೆ ಆ ಮೂರು ಚೀಟಿಗಳನ್ನು ಇಟ್ಟು, "ಓದಿದಾಕಿ ನೀನು. ಇಲ್ಲ ಇಲ್ಲ ಅಂತ ಬರದಿದ್ದಿಯಲ್ಲವಾ" ಎಂದಷ್ಟೇ ಹೇಳಿ ಹೋದಳು.

ಅದಾದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಗಂಗವ್ವನ ಮುಂದೆ ಕಣ್ಣೀರು ಹಾಕಿದೆ. ಗಂಗವ್ವ ನನಗಿಂತ ಹತ್ತು ವರ್ಷ ದೊಡ್ಡವಳು. ಸ್ಟೇಷನ್ ಹತ್ತಿರದ ಓಣಿಯಲ್ಲಿ ಮನೆ, ಗಂಡ ಇಲ್ಲ, ರೇಣುಕಾ ಎಂಬ ಒಬ್ಬಳೇ ಮಗಳು. ಬಾಟಲಿ ತೊಳೆಯುವುದು, ಕಸ ಗುಡಿಸುವುದು, ಚೀಟಿ ಮುಟ್ಟಿಸುವುದು ಅವಳ ಕೆಲಸ. ಅವಳಿಗೆ ನಾಚಿಕೆ ಎಂಬುದು ಗೊತ್ತಿರಲಿಲ್ಲ, ನನ್ನಲ್ಲಿ ಇಬ್ಬರಿಗಾಗುವಷ್ಟಿತ್ತು.

"ಅಳೂದು ಬಿಡ್ರಿ ಅಕ್ಕಾರ. ಹೆಣ್ಣಮಕ್ಕಳಿಗೆ ಮರೆ ಬೇಕು. ಮರೆ ಇದ್ದರ ತಾವ ಉಗುಳತಾರ" ಎಂದಳು ಗಂಗವ್ವ.

ಆಗ ನಾನೇ ಹೇಳಿದೆ, ಸಾಮಾನಿನ ಖೋಲಿ ತೆರವು ಮಾಡೋಣ, ಬಾಗಿಲು ಹಾಕಿಕೊಂಡು ಅಲ್ಲಿ ಕಫ ತೆಗೆಸೋಣ ಎಂದು. ಈ ವಿಚಾರ ನನ್ನದು. ಅವಳದಲ್ಲ. ಆ ಖೋಲಿಗೆ ಬಯಲಿನ ಕಡೆ ಒಂದು ಕಿಟಕಿ ಇತ್ತು, ಅಲ್ಲಿಂದ ಅಡ್ಡೆಯವರು ಇಣುಕುತ್ತಾರೆಂದು ರಟ್ಟು ಬಡಿಸಿದೆ. ಮೊಳೆಗಳನ್ನು ಎಣಿಸಿ ಕೊಟ್ಟವಳೂ ನಾನೇ.

ನಾನು ಒಳಗೆ ನಿಂತರೆ ಪ್ರಯೋಜನವಿರಲಿಲ್ಲ. ನನ್ನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ, ನನ್ನನ್ನು ನೋಡಿ ಅವರೂ ಮುದುಡುತ್ತಿದ್ದರು. ಗಂಗವ್ವ ಒಳಗೆ ಹೋಗಿ ಬಾಗಿಲು ಹಾಕಿದಳೆಂದರೆ ಆಟವೇ ಬೇರೆ. ಮೇಜಿನ ಹತ್ತಿರ ಕುಳಿತ ನನಗೆ ಗೋಡೆಯಾಚೆಯಿಂದ ಎಲ್ಲ ಕೇಳುತ್ತಿತ್ತು.

"ಏ ತಂಗಿ, ಉಗುಳು ಯಾರಿಗೆ ಬೇಕಾಗೇತಿ? ಉಸರು ಒಳಗ ಎಳಕೋ. ಇನ್ನಾ ಎಳಕೋ. ನಿಮ್ಮತ್ತಿಗೆ ಬೈಬೇಕಂತ ಮನಸಿನ್ಯಾಗ ಏನೇನು ಇಟ್ಟುಕೊಂಡೀ, ಅಷ್ಟೂ ಈ ಬಾಟ್ಲ್ಯಾಗ ಹಾಕು ನೋಡೋಣು!"

ಒಳಗೆ ಇಬ್ಬರೂ ನಗುತ್ತಿದ್ದರು. ನಗು ಕೆಮ್ಮಾಗುತ್ತಿತ್ತು. ಕೆಮ್ಮು ತಳದಿಂದ ಎದ್ದು ಬರುತ್ತಿತ್ತು. ಗಂಗವ್ವ ಅವರ ಬೆನ್ನು ನೀವುತ್ತಾ, ಬಾಟಲಿಯನ್ನು ಬಾಯಿಯ ಹತ್ತಿರ ಹಿಡಿದುಕೊಂಡು ನಿಂತಿರುತ್ತಿದ್ದಳು. ಹೊರಗೆ ಬಂದಾಗ ಬಾಟಲಿಯಲ್ಲಿ ಗಟ್ಟಿ ಕಫ.

ಸುದ್ದಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಸಾಲುಗಳಲ್ಲಿ ಹಬ್ಬಿತು. ದವಾಖಾನೆಯಲ್ಲಿ ಹೆಂಗಸರಿಗೆ ಬೇರೆ ಖೋಲಿ ಐತಂತ. ಮೊದಲು ಬಾರದವರೆಲ್ಲ ಬಂದರು. ಎಷ್ಟೋ ಜನರ ರೋಗ ಸಮಯಕ್ಕೆ ಸರಿಯಾಗಿ ಸಿಕ್ಕಿತು. ಅದು ನಿಜ, ಅದನ್ನು ನಾನು ಅಳಿಸುವುದಿಲ್ಲ. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಆ ಮೂರು ಚೀಟಿಗಳ ಋಣ ತೀರಿತು ಎಂದುಕೊಂಡಿದ್ದೆ.

ಮರುವರ್ಷದ ಸುಗ್ಗಿಯಲ್ಲಿ ಗಂಗವ್ವ ಕೆಮ್ಮತೊಡಗಿದಳು.

ಯಾರ ಲಕ್ಷ್ಯಕ್ಕೂ ಬರಲಿಲ್ಲ. ಊರೆಲ್ಲ ಕೆಮ್ಮುವಾಗ ಅವಳೊಬ್ಬಳದೇನು? ನಾನೂ ಹಾಗೇ ಅಂದುಕೊಂಡೆ, ಅಥವಾ ಅಂದುಕೊಳ್ಳಲು ಇಷ್ಟಪಟ್ಟೆ. ಯುಗಾದಿ ಆಯಿತು. ಅವಳ ಕೈಯ ಬೆಳ್ಳಿ ಕಡಗ ಮೊಣಕೈವರೆಗೆ ಜಾರತೊಡಗಿತು. ಸಂಜೆಯಾದರೆ ಕಣ್ಣು ಕೆಂಪಗಾಗಿ, ಗೋಡೆಗೆ ಒರಗಿ ಕುಳಿತಿರುತ್ತಿದ್ದಳು. ನನ್ನ ಬಾಯಿ ತುದಿಯವರೆಗೆ ಒಂದು ಮಾತು ಬರುತ್ತಿತ್ತು: ಗಂಗವ್ವ, ನೀನೂ ಒಂದು ಬಾಟ್ಲಿ ಕೊಡು. ಬರೀ ಅಷ್ಟು. ಆದರೆ ದಿನಾಲೂ ನನ್ನ ಜೊತೆಗಿರುವವಳಿಗೆ ಹಾಗೆ ಹೇಳಿದರೆ ನಿನಗೆ ಆ ರೋಗ ಬಂದಿದೆ ಎಂದಂತಾಗುತ್ತದಲ್ಲ, ಅವಳು ನೊಂದರೆ? ನಾಳೆ ಹೇಳೋಣ, ನಾಡಿದ್ದು ಹೇಳೋಣ. ಮಳೆಗಾಲ ಬಂತು, ಪೇಟೆ ಖಾಲಿಯಾಯಿತು, ಘಾಟು ನಿಂತಿತು. ಅವಳ ಕೆಮ್ಮು ನಿಲ್ಲಲಿಲ್ಲ. ಇನ್ನು ನೆಪ ಉಳಿದಿರಲಿಲ್ಲ.

ನಾನು ಕೇಳಿದಾಗ ಅವಳು ನಕ್ಕಳು. "ಇಷ್ಟ ತಡಾ ಮಾಡೀರಿ ನೋಡ್ರಿ. ನೀವು ಯಾವಾಗ ಕೇಳತೀರಿ ಅಂತ ನಾ ದಾರಿ ಕಾಯಾಕತ್ತಿದ್ದೆ."

ಅವಳೂ ನನ್ನ ಬಾಯಿ ನೋಡುತ್ತಿದ್ದಳು ಮಕ್ಕಳೇ.

ಅವಳ ಪಟ್ಟಿಯನ್ನು ನಾನೇ ಮಾಡಿದೆ. ಮೈಕ್ರೋಸ್ಕೋಪಿನಲ್ಲಿ ಹುಡುಕುವ ಕೆಲಸವೇ ಇರಲಿಲ್ಲ. ಎಲ್ಲಿ ನೋಡಿದರಲ್ಲಿ ಕೆಂಪು.

ತಲೆ ಎತ್ತಿದಾಗ ಗಂಗವ್ವ ನನ್ನ ಮುಖ ನೋಡಿ ಬಾಗಿಲು ಎಳೆದು ಮುಚ್ಚಿದಳು. "ರಿಜಿಸ್ಟರದಾಗ ನನ್ನ ಹೆಸರು ಹಾಕಬ್ಯಾಡ್ರಿ ಅಕ್ಕಾರ. ರೇಣುಕಾನ್ನ ನೋಡಾಕ ಬಂದು ಹೋಗ್ಯಾರ. ತಾಯಿಗೆ ಇಂಥಾ ಬ್ಯಾನಿ ಐತಿ ಅಂತ ಗೊತ್ತಾದರ ಯಾರು ಮಾಡಿಕೊಂತಾರ?"

"ಹೆಸರು ಇಲ್ಲಂದ್ರ ಗುಳಿಗಿ ಹೆಂಗ ಕೊಡಸ್ಲಿ?"

"ಬ್ಯಾರೆ ಹೆಸರು ಬರೀರಿ. ಚನ್ನವ್ವ ಅಂತ ಬರೀರಿ. ಊರು ಗಳಗನಾಥ. ಎರಡು ಹೊಳಿ ಕೂಡೂದನ್ನ ನೋಡಬೇಕಂತ ಬಾಳ ದಿನದಿಂದ ಆಸೆ ಐತಿ. ಹೆಸರರ ಹೋಗಿ ಬರ್ಲಿ ತಗೋರಿ!"

ಅಂಥ ಹೊತ್ತಿನಲ್ಲೂ ನಗಿಸಿದಳು. ನಾನು ಬರೆದೆ. ಚನ್ನವ್ವ, ಗಳಗನಾಥ. ನನ್ನ ಅಕ್ಷರ ದುಂಡಗಿತ್ತು, ಸುಳ್ಳೂ ದುಂಡಗೇ ಬಂತು.

ಆಗಿನ ಚಿಕಿತ್ಸೆ ಈಗಿನಂತೆ ಆರು ತಿಂಗಳಿನದಲ್ಲ. ಒಂದೂವರೆ ವರ್ಷ ಗುಳಿಗೆ, ಮೊದಲ ಎರಡು ತಿಂಗಳು ದಿನಾಲೂ ಸೂಜಿ. ನಾನು ಡಾಕ್ಟರ ಮುಂದೆ ನಿಂತು, ಆಕೆ ದೂರದವಳು, ಬರಲಾರಳು, ಔಷಧಿ ನಾನು ಮುಟ್ಟಿಸುತ್ತೇನೆ ಎಂದೆ. ಜೀವಮಾನದಲ್ಲಿ ಅಷ್ಟು ಉದ್ದ ನಾನು ಅವರೆದುರು ಮಾತಾಡಿದ್ದು ಅದೊಂದೇ ಸಲ. ಹೊರಗೆ ಸಾಲು ನಿಂತಿತ್ತು, ಅವರು ಸಹಿ ಮಾಡಿದರು. ಗುಳಿಗೆ ಬಂದವು. ಸೂಜಿ ಹೇಗೆ ಬರಬೇಕು? ಕಂಪೌಂಡರನ ಮುಂದೆ ಎಲ್ಲರ ಎದುರು ಹೋಗಿ ತೋಳು ಚಾಚಬೇಕಿತ್ತು. ಗಂಗವ್ವ ಹೋಗಲಿಲ್ಲ. ಸುಳ್ಳು ಹೆಸರಿಗೆ ತೋಳು ಎಲ್ಲಿಂದ ತರುವುದು?

ಹಾವೇರಿಗಾದರೂ ಹೋಗೋಣ, ಅಲ್ಲಿ ಬೇರೆ ಡಾಕ್ಟರಿಗೆ ತೋರಿಸೋಣ ಎಂದು ನಾನೇ ಒಂದು ದಿನ ಹೊರಡಿಸಿದೆ. ಹಾವೇರಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದಂತೆ ರೇಣುಕಾಳ ಗಂಡಾಗುವವನ ತಾಯಿ ಎದುರಾದಳು.

"ಅಯ್ಯ, ಬೀಗ್ತಿ! ಎಲ್ಲಿಗೆ ಸವಾರಿ?"

"ಸೀರಿ ನೋಡಾಕರಿ. ನಮ್ಮ ಅಕ್ಕಾರಿಗೆ ಆರಸೂದು ಚೊಲೋ ಬರತೈತಿ, ಅದಕ್ಕ ಕರಕೊಂಡು ಬಂದೆ" ಎಂದಳು ಗಂಗವ್ವ, ಕೆಮ್ಮನ್ನು ನುಂಗುತ್ತಾ.

"ಹಂಗಾರ ನಡೀರಿ, ನಾನೂ ಬರತೇನಿ. ನನಗ ಯಾವ ಬಣ್ಣ ಸೇರತೈತಿ ಅಂತ ನನಗ ಗೊತ್ತು."

ಮೂವರೂ ಸೀರೆ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಕುಳಿತೆವು. ಗಂಗವ್ವ ನೀರು ಕುಡಿಯುವ ನೆಪದಲ್ಲಿ ನಾಲ್ಕು ಸಲ ಹೊರಗೆ ಹೋಗಿ ಕೆಮ್ಮಿ ಬಂದಳು. ನಾನು ಸೀರೆಯ ಅಂಚು ತಿರುವಿ ಹಾಕುತ್ತಾ ಕುಳಿತಿದ್ದೆ. ಬೀಗತಿ ಹಸಿರು ಸೀರೆಯೊಂದನ್ನು ಮೆಚ್ಚಿದಳು. ಡಾಕ್ಟರು ಊಟಕ್ಕೆ ಏಳುವ ಹೊತ್ತು ಮೀರಿತು. ನಾವು ಬಸ್ಸು ಹತ್ತಿ ಬ್ಯಾಡಗಿಗೆ ಮರಳಿದೆವು. ಮತ್ತೆ ಹೋಗೋಣ ಎಂದು ಅವಳೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಖೋಲಿಯೊಳಗೆ ಅವಳು ನಿಲ್ಲಬಾರದು ಎಂದು ಮಾತ್ರ ಹೇಳಿದ್ದೆ. ಒಂದು ವಾರ ನಾನೇ ನಿಂತೆ. ಬಾಟಲಿಗಳಲ್ಲಿ ಮತ್ತೆ ಉಗುಳು ಬರತೊಡಗಿತು. ಬಂದವರು ಗಂಗವ್ವ ಎಲ್ಲಿ ಎಂದು ಕೇಳುತ್ತಿದ್ದರು. ಎಂಟನೆಯ ದಿನ ಅವಳು ತಾನೇ ಒಳಗೆ ಹೋದಳು, ನಾನು ಹೊರಗೆ ಬಂದೆ. ಬರೀ ಘಾಟಿನ ಕೆಮ್ಮಿನವರೂ ಆ ಖೋಲಿಗೆ ಬರುತ್ತಿದ್ದರು. ರೋಗವಿಲ್ಲದೆ ಒಳಗೆ ಹೋದ ಎಷ್ಟು ಜನ ಅಲ್ಲಿಂದ ರೋಗ ಹೊತ್ತುಕೊಂಡು ಹೊರಗೆ ಬಂದರೋ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ.

ಅದೇ ದಿನಗಳಲ್ಲಿ ಕುಲಕರ್ಣಿ ಸರ್ ತಪಾಸಣೆಗೆ ಬಂದರು. ನಾನು ಕೋಟು ತೊಟ್ಟಿದ್ದೆ. ಅವರು ಹಿಂದಿನ ಖೋಲಿಯ ಬಾಗಿಲಲ್ಲಿ ನಿಂತು ಹುಬ್ಬು ಗಂಟು ಹಾಕಿದರು.

"ಕಿಡಕಿ ಯಾಕ ಮುಚ್ಚೀರಿ?"

"ಹೆಣ್ಣಮಕ್ಕಳು ನಾಚತಾರ್ರೀ ಸರ್."

ಅವರು ಬಂದು ರಿಜಿಸ್ಟರು ತಿರುವಿ ಹಾಕಿದರು. ಹೆಂಗಸರ ಹೆಸರುಗಳು, ಒಳ್ಳೆಯ ಕಫ, ಒಳ್ಳೆಯ ಫಲಿತಾಂಶ. ಬಹಳ ಹೊತ್ತು ನೋಡಿ ತಪಾಸಣೆಯ ಸಹಿ ಹಾಕಿದರು. "ರಾಣೆಬೆನ್ನೂರಾಗ ಹೆಣ್ಣಮಕ್ಕಳು ಬರೂದ ಇಲ್ಲ. ಅಲ್ಲೂ ಇಂಥಾದೊಂದು ಖೋಲಿ ಮಾಡಸಬೇಕಂತ ನನಗ ಅನಸಾಕತ್ತೈತಿ. ಆದರ ಗಾಳಿ ಇಲ್ಲ, ಅದೊಂದ ಅಂಜಿಕಿ. ಇಷ್ಟು ದಿನದಾಗ ಇಲ್ಲೆ ನಿಂತವರಿಗೆ ಯಾರಿಗಾದರೂ ಏನಾದರೂ ಆಗೇತೇನು?"

ಗಂಗವ್ವ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕಪ್ಪಿನ ಮೇಲೆ ಬಸಿ ಮುಚ್ಚಿತ್ತು. ಅವಳೇ ಮೊದಲು ಮಾತಾಡಿದಳು. "ಸಾಹೇಬ್ರ, ನಿಂತಾಕಿ ನಾನರಿ. ನನ್ನ ಹತ್ತರ ಬರಾಕ ಬ್ಯಾನಿಗೂ ಅಂಜಿಕಿ!"

ಸರ್ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು. ಅವರು ಕೇಳಿದ್ದು ನನ್ನನ್ನು, ಅವಳನ್ನಲ್ಲ. ನನ್ನ ಮುಂದೆ ರಿಜಿಸ್ಟರು ತೆರೆದೇ ಇತ್ತು, ಚನ್ನವ್ವ ಎಂಬ ಸಾಲಿನ ಮೇಲೆ ನನ್ನ ಕೈ ಇತ್ತು.

"ಇಲ್ಲರೀ ಸರ್" ಎಂದೆ.

ಮರುತಿಂಗಳು ರಾಣೆಬೆನ್ನೂರಿನ ದವಾಖಾನೆಯಲ್ಲಿ ಒಂದು ಖೋಲಿಗೆ ಬಾಗಿಲು ಹಚ್ಚಿ, ಕಿಟಕಿ ಮುಚ್ಚಿಸಿದರು.

ಕಾರ್ತಿಕದಲ್ಲಿ ರೇಣುಕಾಳ ಮದುವೆಯಾಯಿತು. ಗುಳಿಗೆಯಿಂದ ಗಂಗವ್ವನ ಮೈ ತುಸು ತುಂಬಿತ್ತು, ಕೆಮ್ಮು ಇಳಿದಿತ್ತು. ಮದುವೆಯಲ್ಲಿ ಬೀಗರ ಮೇಲೆ ಹಾಡು ಕಟ್ಟಿ ಹಾಡಿ ಎಲ್ಲರನ್ನೂ ನಗಿಸಿದಳು. ಅದಾದ ಮೇಲೆ ಗುಳಿಗೆ ಬೇಡವೆಂದಳು. "ಆರಾಮ ಆಗೇನಿ ಅಕ್ಕಾರ. ಗುಳಿಗಿ ನುಂಗಿದರ ಹೊಟ್ಯಾಗ ಬೆಂಕಿ ಬಿದ್ದಂಗ ಆಗತೈತಿ." ಗುಳಿಗೆ ಅರ್ಧಕ್ಕೆ ಬಿಟ್ಟರೆ ರೋಗ ಇನ್ನೂ ಗಟ್ಟಿಯಾಗಿ ಏಳುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಿದೆ, ಆದರೆ ಹೇಗೆ ಹೇಳಿದೆ? ನೆಲ ನೋಡುತ್ತಾ, ಒಂದು ಸಲ. ರಿಜಿಸ್ಟರಿನಲ್ಲಿ ಅವಳ ಹೆಸರಿದ್ದಿದ್ದರೆ ಡಾಕ್ಟರು ಕರೆಸಿ ಬೈಯುತ್ತಿದ್ದರು, ಮನೆಗೆ ಜನ ಕಳಿಸುತ್ತಿದ್ದರು. ಚನ್ನವ್ವನನ್ನು ಹುಡುಕಲು ಗಳಗನಾಥಕ್ಕೆ ಒಂದು ಕಾಗದ ಹೋಯಿತು. ಅಂಥವರು ಯಾರೂ ಇಲ್ಲವೆಂದು ಮರಳಿ ಬಂತು.

ಮುಂದಿನ ಸುಗ್ಗಿ ಮುಗಿಯುವ ಹೊತ್ತಿಗೆ ಗಂಗವ್ವ ಕೆಲಸಕ್ಕೆ ಬರುವುದನ್ನು ಬಿಟ್ಟಳು. ಅವಳ ಮನೆಗೆ ಹೋದೆ. ಬಿಸಿಲು ಚುರುಗುಡುವ ಮಧ್ಯಾಹ್ನ, ಆದರೆ ಬಾಗಿಲು ಕಿಟಕಿ ಎಲ್ಲ ಹಾಕಿಕೊಂಡು ಮಲಗಿದ್ದಳು. ಕಿಟಕಿ ತೆರೆಯಲು ಹೋದೆ.

"ತಗೀಬ್ಯಾಡ್ರಿ. ಕೆಮ್ಮಿದ್ದು ಓಣ್ಯಾಗ ಕೇಳತೈತಿ."

"ನಡಿ ಗಂಗವ್ವ, ಡಾಕ್ಟರ ಕಡೆ. ನಿನ್ನ ಖರೇ ಹೆಸರಲೇ ತೋರಸೋಣು. ನಾ ಹೇಳತೇನಿ ಅವರಿಗೆ ಎಲ್ಲಾ."

"ರೇಣುಕಾ ಬಸರ ಅದಾಳ್ರಿ. ಬಾಣಂತನಕ್ಕ ಇಲ್ಲಿಗೇ ಬರಬೇಕಂತಾಳ, ಬ್ಯಾಡ ಅಲ್ಲೇ ಇರು ಅಂತ ಹೇಳಿ ಕಳಿಸೇನಿ. ಅದೊಂದು ಆಗ್ಲಿ. ಆಮ್ಯಾಲೆ ನೀವು ಎಲ್ಲಿಗೆ ಅಂದರ ಅಲ್ಲಿಗೆ ಬರತೇನಿ." ಸೆರಗಿನಿಂದ ಬಾಯಿ ಒರೆಸಿಕೊಂಡು, "ಖೋಲ್ಯಾಗ ಯಾರು ನಿಂದರತಾರ ಈಗ?" ಎಂದು ಕೇಳಿದಳು.

"ಯಾರೂ ಇಲ್ಲ."

"ಹಂಗಾದರ ಉಗುಳ ಬರತಿರಬೇಕು" ಎಂದು ನಕ್ಕಳು. ಆ ನಗುವೇ ಕೆಮ್ಮಾಗಿ, ಅವಳು ಮಗ್ಗುಲಾದಳು. ನನ್ನ ಮೇಲೆ ಬೀಳದಿರಲೆಂದು ಗೋಡೆಯ ಕಡೆ ಮುಖ ಮಾಡಿ ಕೆಮ್ಮಿದಳು.

ರೇಣುಕಾಳ ಹೆರಿಗೆಯ ಸುದ್ದಿ ಬರುವ ಮೊದಲೇ ಗಂಗವ್ವ ಹೋದಳು. ಮಣ್ಣಿಗೆ ಬಂದವರು, ಮೆಣಸಿನಕಾಯಿ ಘಾಟು ಎದೆಗೆ ಹತ್ತಿತ್ತು ಎಂದರು. ನಾನು ಅಲ್ಲೇ ನಿಂತಿದ್ದೆ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಬ್ಯಾಡಗಿಯ ಕಿಟಕಿಯ ರಟ್ಟನ್ನು ಆ ವಾರವೇ ಕಿತ್ತೆ. ಬಯಲಿನಲ್ಲಿ ನಾಲ್ಕು ಗಳ ನೆಡಿಸಿ, ಸುತ್ತ ಗೋಣಿತಟ್ಟು ಕಟ್ಟಿಸಿ, ಮೇಲೆ ಏನೂ ಹೊದಿಸದೆ ಬಿಟ್ಟೆ. ಒಳಗೆ ನಿಂತವರು ಯಾರಿಗೂ ಕಾಣುತ್ತಿರಲಿಲ್ಲ, ತಲೆಯ ಮೇಲೆ ಬಿಸಿಲು, ಗಾಳಿ. ಇಷ್ಟೇ. ಅರ್ಧ ದಿನದ ಕೆಲಸ. ಮೊದಲ ದಿನವೇ ಇದು ನನಗೆ ಏಕೆ ಹೊಳೆಯಲಿಲ್ಲ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೋ. ರಾಣೆಬೆನ್ನೂರಿನ ಖೋಲಿಯ ಮಾತನ್ನು ಮಾತ್ರ ಯಾರ ಮುಂದೆಯೂ ಎತ್ತಲಿಲ್ಲ, ಎತ್ತಿದರೆ ನನ್ನ ಸುಳ್ಳು ಹೊರಬೀಳುತ್ತಿತ್ತು.

ತೊಂಬತ್ತರ ದಶಕದಲ್ಲಿ ನನ್ನನ್ನು ರಾಣೆಬೆನ್ನೂರಿಗೆ ಹಾಕಿದರು. ಮೊದಲ ದಿನ ಲ್ಯಾಬಿನೊಳಗೆ ಕಾಲಿಟ್ಟಾಗ ಗೋಡೆಯಾಚೆಯಿಂದ ಒಬ್ಬ ಹೆಂಗಸಿನ ಕೆಮ್ಮು, ಇನ್ನೊಬ್ಬಳ ನಗು ಕೇಳಿತು. ಅಲ್ಲಿಯವರು ಅದಕ್ಕೆ 'ಬ್ಯಾಡಗಿ ಖೋಲಿ' ಎನ್ನುತ್ತಿದ್ದರು. ಬಾಗಿಲು ತೆರೆದು ಹೊರಗೆ ಬಂದ ಆಯಾ ಇಪ್ಪತ್ತೈದರ ಹೆಂಗಸು, ಕಂಕುಳಲ್ಲಿ ಕೂಸು.

ಅದೇ ದಿನ ಹಾವೇರಿಗೆ ಬಸ್ಸು ಹತ್ತಿ ಕುಲಕರ್ಣಿ ಸರ್ ಮುಂದೆ ನಿಂತೆ. ನಿವೃತ್ತಿಗೆ ಹತ್ತಿರ ಬಂದಿದ್ದರು, ಕನ್ನಡಕ ದಪ್ಪಗಾಗಿತ್ತು. ಎಲ್ಲ ಹೇಳಿದೆ.

"ನಾ ಕೇಳಿದ್ದೆಲ್ಲಮ್ಮಾ ನಿಮ್ಮನ್ನ."

"ಹೌದ್ರಿ ಸರ್."

"ಆಕೀನ ಮುಂದ ನಿಂತಾಗ ಕೇಳಿದ್ದೆ."

"ಹೌದ್ರಿ."

ಕಪಾಟಿನಿಂದ ಬ್ಯಾಡಗಿಯ ಹಳೆಯ ರಿಜಿಸ್ಟರು ತರಿಸಿದರು. ಬೆರಳಿಟ್ಟು ಹುಡುಕಿದರು. "ಇದರಾಗ ಗಂಗವ್ವ ಅನ್ನೂ ಹೆಸರ ಇಲ್ಲ. ಚನ್ನವ್ವ, ಪತ್ತೆ ಇಲ್ಲ ಅಂತೈತಿ. ಇದನ್ನ ಈಗ ಮ್ಯಾಲೆ ಬರದು ಕಳಿಸಿದರ ಸುಳ್ಳು ದಾಖಲೆ ಮಾಡಿದಾಕಿ ಅಂತ ನಿಮ್ಮ ನೌಕರಿ ಹೋಗತೈತಿ. ನೋಡದ ಸಹಿ ಮಾಡಿದವ ಅಂತ ನನ್ನ ಹೆಸರೂ ಬರತೈತಿ." ಅವರು ರಿಜಿಸ್ಟರು ಮುಚ್ಚಿದರು. "ಬಾಗಿಲಾ ನಾಳೆನ ತಗಸತೇನಿ. ಆ ಹುಡುಗಿದು, ಆಕಿ ಕೂಸಿಂದು ಎದಿ ಫೋಟೊ ಮಾಡಸ್ತೇನಿ. ಉಳಿದದ್ದನ್ನ ಇಲ್ಲಿಗೇ ಬಿಡೋಣು."

ನಾನು ತಲೆಯಾಡಿಸಿದೆ. ನೌಕರಿ ಹೋಗಲಿ, ಬರೆಯಿರಿ ಎನ್ನಬಹುದಿತ್ತು. ನಿಮ್ಮ ಅಪ್ಪ ಆಗ ಕಾಲೇಜಿನಲ್ಲಿದ್ದ. ಅನ್ನಲಿಲ್ಲ.

ಮರುದಿನ ಬಡಿಗ ಬಂದು ಬಾಗಿಲನ್ನೂ ಕಿಟಕಿಯ ಹಲಗೆಯನ್ನೂ ತೆಗೆದ. ಆ ಹುಡುಗಿಗೂ ಕೂಸಿಗೂ ಏನೂ ಆಗಿರಲಿಲ್ಲ. ದವಾಖಾನೆಯ ಪುಸ್ತಕದಲ್ಲಿ, 'ಗೆದ್ದಲು ಹತ್ತಿದ್ದರಿಂದ ಬಾಗಿಲು ತೆಗೆಸಲಾಗಿದೆ' ಎಂದು ಬರೆದರು. ಸಾಕ್ಷಿಗೆ ನನ್ನ ಸಹಿ ಹಾಕಿಸಿಕೊಂಡರು.

ಆಮೇಲೆ ಕಾಲ ಬದಲಾಯಿತು. ರಬ್ಬರಿನ ಬುರುಡೆ ಬಂದು ಬಾಯಿಂದ ಎಳೆಯುವುದು ನಿಂತಿತು. ಕೈಗವಸು ಬಂದವು, ಮೊದಲು ತೊಳೆದು ತೊಳೆದು ಹಾಕಿಕೊಂಡೆವು, ಆಮೇಲೆ ಒಮ್ಮೆ ಹಾಕಿ ಎಸೆಯುವುದನ್ನು ಕಲಿತೆವು. ಕಫದ ಡಬ್ಬಿ ತೊಳೆಯುವುದು ಹೋಗಿ ಸುಡುವುದು ಬಂತು. ನಿನ್ನ ಕಾಲೇಜಿನಲ್ಲಿ ಗಾಳಿಯನ್ನು ಸೋಸಿ ಹೊರಗೆ ಬಿಡುವ ಪೆಟ್ಟಿಗೆ ಇದೆಯಂತಲ್ಲ ಸ್ಫೂರ್ತಿ, ಒಳ್ಳೆಯದು. ಅದು ಕೆಟ್ಟ ದಿನ, ಕೆಟ್ಟಿದೆ ಎಂದು ಹೇಳುವ ಬಾಯಿ ನಿನಗಿರಲಿ. ನಿನ್ನ ಕೈ ಕೆಳಗೆ ಡಬ್ಬಿ ಎತ್ತುವವಳು ಕೆಮ್ಮಿದರೆ ಅದೇ ದಿನ ಕೇಳು. ಅವಳು ನೊಂದುಕೊಂಡರೆ ನೊಂದುಕೊಳ್ಳಲಿ. ನಾಚಿಕೆ ಒಳ್ಳೆಯ ಹೆಣ್ಣಿನ ಲಕ್ಷಣ ಎಂದು ನನಗೆ ಹೇಳಿಕೊಟ್ಟಿದ್ದರು. ನಿನಗೆ ಹಾಗೆ ಹೇಳಲು ನಾನು ಯಾರನ್ನೂ ಬಿಡುವುದಿಲ್ಲ.

ಇದನ್ನು ಬರೆಯಲು ಕುಳಿತಾಗ ಗಂಗವ್ವನ ಹೆಸರನ್ನು ಬದಲಿಸಿ ಬರೆಯಲೇ ಎಂದುಕೊಂಡೆ. ಒಮ್ಮೆ ಬದಲಿಸಿದ್ದೇ ಸಾಕು ಅನಿಸಿತು. ರೇಣುಕಾ ಇದ್ದಾಳೆ, ಅವಳಿಗೂ ಈಗ ಮೊಮ್ಮಕ್ಕಳು. ತಾಯಿ ಘಾಟಿನಿಂದ ಸತ್ತಳೆಂದೇ ಅವಳು ನಂಬಿದ್ದಾಳೆ. ಎಂದಾದರೂ ಅವಳಾಗಲಿ, ಅವಳ ಮಕ್ಕಳಾಗಲಿ ಕೇಳಿಕೊಂಡು ಬಂದರೆ ಇದನ್ನು ಅವರ ಕೈಗೆ ಕೊಡಿ. ಬೈದರೆ ಸುಮ್ಮನೆ ಕೇಳಿಸಿಕೊಳ್ಳಿ. ಗಂಗವ್ವ ಏನು ಕೆಲಸ ಮಾಡುತ್ತಿದ್ದಳು, ಎಷ್ಟು ಹೆಣ್ಣುಮಕ್ಕಳನ್ನು ನಗಿಸಿ ಉಳಿಸಿದಳು, ಯಾತರಿಂದ ಸತ್ತಳು ಎಂಬುದು ಮೂರೂ ದವಾಖಾನೆಗಳ ಯಾವ ಪುಸ್ತಕದಲ್ಲೂ ಇಲ್ಲ, ಈ ಹಾಳೆಗಳಲ್ಲಿ ಮಾತ್ರ ಇದೆ. ಇವನ್ನು ಜೋಪಾನವಾಗಿಡಿ ಮಕ್ಕಳೇ.